ಹಾರ್ಟ್ಲಿ ಬಾಯಿಯ ತುಪ್ಪ

ಲೀಡ್ಸ್
೧೪ ಅಕ್ಟೋಬರ್ ೧೯೫೧

ಅಕ್ಕಾ, ಶರಣು.

ಮುಟ್ಟಿದ್ದೇನೆ. ಹಡಗಿನಲ್ಲಿ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ, ಈಗ ನಿಲ್ಲುತ್ತಿದೆ. ಕಾಲೇಜಿಗೆ ಬಸ್ಸಿನಲ್ಲಿ ಸ್ವಲ್ಪ ದೂರದ ಬೀದಿಯಲ್ಲಿ ಮಿಸೆಸ್ ಹಾರ್ಟ್ಲಿ ಎಂಬ ವಿಧವೆಯ ಮನೆಯಲ್ಲಿ ಕೋಣೆ ಸಿಕ್ಕಿದೆ. ಮಾತು ಕಡಿಮೆ, ಕಸಬರಿಗೆ ಹೆಚ್ಚು. ಯುದ್ಧ ಮುಗಿದು ಆರು ವರ್ಷವಾದರೂ ಇಲ್ಲಿ ಇನ್ನೂ ರೇಷನ್. ಬೆಣ್ಣೆ ವಾರಕ್ಕೆ ಒಂದು ನಿಂಬೆಹಣ್ಣಿನಷ್ಟು.

ಕಾಲೇಜಿನ ಖಜಾಂಚಿ ಹೊರದೇಶದ ಹುಡುಗರನ್ನೆಲ್ಲ ಕೂಡಿಸಿ, ಈ ವಾರವೇ ಒಂದು ಎಸ್ಟಿಮೇಟ್ ಬರೆದು ಮನೆಗೆ ಕಳಿಸಿ, ಇಲ್ಲದಿದ್ದರೆ ಡಿಸೆಂಬರಿನಲ್ಲಿ ಅಳುತ್ತ ನನ್ನ ಬಾಗಿಲಿಗೆ ಬರುತ್ತೀರಿ ಎಂದ. ನಾನು ಅಳುವವನಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ವಾರಕ್ಕೆ ಕೋಣೆಗೆ, ಬೆಳಗಿನ ತಿಂಡಿಗೆ ಮತ್ತು ರಾತ್ರಿಯ ಊಟಕ್ಕೆ ಸೇರಿ ಐವತ್ತು ಶಿಲ್ಲಿಂಗ್. ಮಧ್ಯಾಹ್ನದ ಊಟ ಹತ್ತು. ಬಸ್ಸು ನಾಲ್ಕು. ಗ್ಯಾಸಿಗೆ ನಾಲ್ಕು, ಗೋಡೆಯ ಮೀಟರಿಗೆ ಶಿಲ್ಲಿಂಗ್ ಹಾಕಿದರೆ ಮಾತ್ರ ಒಲೆ ಉರಿಯುತ್ತದೆ. ಬಟ್ಟೆ ಒಗೆಸಲು ಎರಡೂವರೆ, ಬಿಸಿನೀರಿನ ಸ್ನಾನಕ್ಕೆ ಆರು ಪೆನ್ಸ್. ಕಾಗದ, ಪುಸ್ತಕ ನಾಲ್ಕು. ಕ್ಷೌರ ಮತ್ತು ಮನರಂಜನೆ ಮೂರು. ತುರ್ತು ಖರ್ಚು ಐದು. ಕೊನೆಯ ಎರಡು ಬಾಬತ್ತು ಖಜಾಂಚಿಯೇ ಬರೆಸಿದ್ದು.

ತಿಂಗಳಿಗೆ ಹದಿನೆಂಟು ಪೌಂಡ್. ಕಲ್ದಾರ್ ರೂಪಾಯಿಯಲ್ಲಿ ಇನ್ನೂರಾ ನಲವತ್ತು, ನಮ್ಮ ಸಂಸ್ಥಾನದ ಹಾಲಿ ಸಿಕ್ಕಾದಲ್ಲಿ ಇನ್ನೂರಾ ಎಂಬತ್ತು. ವಾಡಿ ಸ್ಟೇಷನ್ನಿನಲ್ಲಿ ಮಾತಾದಂತೆ, ಅಪ್ಪನ ಎರಡು ಅಂಗಡಿಗಳ ಬಾಡಿಗೆಯಿಂದ ನೀನು ಅರ್ಧ, ಗುಂಡಗುರ್ತಿಯ ಹೊಲದಿಂದ ಸೂಗಪ್ಪ ಕಾಕಾ ಅರ್ಧ. ಜೂನಿನ ಪರೀಕ್ಷೆಯವರೆಗೆ ಸಾಕು. ಅದರಲ್ಲಿ ಒಳ್ಳೆಯ ನಂಬರು ಬಂದರೆ ಎರಡನೇ ವರ್ಷದಿಂದ ಕಾಲೇಜೇ ನನ್ನ ಖರ್ಚು ನೋಡಿಕೊಳ್ಳುತ್ತದೆ. ನಡುವೆ ತಿರುಗಿ ಬಂದರೆ ಇನ್ನೊಂದು ಟಿಕೇಟು ಕೊಡಿಸುವುದಿಲ್ಲ ಎಂದು ಕಾಕಾ ಹೇಳಿದ್ದು ನೆನಪಿದೆ.

ಎಸ್ಟಿಮೇಟನ್ನು ಕಾಕಾಗೂ ತೋರಿಸು. ಲೆಕ್ಕ ಇಷ್ಟು ಚೊಕ್ಕಟ ಇರುವುದನ್ನು ಕಂಡು ಅವನಿಗೆ ಸಮಾಧಾನವಾದೀತು.

ನಿನ್ನ ತಮ್ಮ
ನಾಗೇಂದ್ರ


ಚಿತ್ತಾಪುರ
೪ ನವೆಂಬರ್ ೧೯೫೧

ತಮ್ಮಾ ನಾಗೇಂದ್ರ,

ಕಾಗದ ಮುಟ್ಟಿತು. ಮಠದ ಅಯ್ಯನವರು ಕಲಿಸಿದ ಪುಸ್ತಕದ ಕನ್ನಡದಲ್ಲಿ ಬರೆಯಬೇಕೆಂದು ಕುಳಿತಿದ್ದೇನೆ. ಸಿಟ್ಟು ಬಂದರೆ ನನಗೆ ಆ ಕನ್ನಡ ನಿಲ್ಲುವುದಿಲ್ಲ, ನಗಬೇಡ.

ಗೋಡೆಗೆ ಶಿಲ್ಲಿಂಗ್ ತಿನ್ನಿಸಿದರೆ ಬೆಂಕಿ ಕೊಡುತ್ತದೆ ಎಂದು ಬರೆದಿದ್ದೀಯ. ಆ ಊರಿನಲ್ಲಿ ಸಗಣಿಯ ಕುಳ್ಳು ಸಿಗುವುದಿಲ್ಲವೆ? ಮೈ ತೊಳೆಯುವುದಕ್ಕೆ ಆರು ಪೆನ್ಸ್ ಎಂಬುದನ್ನು ಓದಿ ನಮ್ಮ ಮನೆಯವರು, ನಿನ್ನ ಮಾಮಾ, ಕಚೇರಿಗೆ ಹೋಗುವವರು ಬಾಗಿಲಲ್ಲೇ ನಿಂತು, "ಕುಡಿಯೋ ನೀರಿಗಿ ಬ್ಯಾರೆ ಕೊಡಬೇಕೋ, ಇದರಾಗೇ ಬಂತೋ, ಕೇಳು ನಿನ್ನ ತಮ್ಮಗ" ಎಂದರು.

ಕಾಕಾ ಅವತ್ತೇ ಸಂತೆಗೆ ಬಂದಿದ್ದ. ನೀನು ಹೇಳಿದೆ ಎಂದು ಕಾಗದ ಅವನ ಕೈಗೆ ಕೊಟ್ಟೆ. ಪೂರಾ ಓದಿದ, ಚಹಾ ಕುಡಿದು ಹೋದ.

ಇಷ್ಟೆಲ್ಲ ಬರೆದವನು ತುಪ್ಪದ ಮಾತು ಯಾಕೆ ಬರೆಯಲಿಲ್ಲ? ನಾಲ್ಕು ಸೇರು ಆಕಳ ತುಪ್ಪ. ತಗಡಿನ ಕೆಲಸದ ಗುಲಾಮ ದಸ್ತಗೀರ ತನ್ನ ಡಬ್ಬಿಯಲ್ಲಿ ತುಂಬಿ, ಬಾಯಿಗೆ ಬೆಸುಗೆ ಹಾಕಿ, ಒಂದು ದುಡ್ಡೂ ತೆಗೆದುಕೊಳ್ಳಲಿಲ್ಲ. ಯಾರ ಮನೆಯಲ್ಲಿ ಇಳಿಯುತ್ತೀಯೋ ಆ ಮನೆಯವಳ ಕೈಗೆ ಮೊದಲ ದಿನವೇ ಕೊಡು ಎಂದು ಹೇಳಿದ್ದೆ. ಕೊಟ್ಟೆಯೋ ಇಲ್ಲವೋ? ಮರಳಿ ಆಕೆ ಏನು ಕೊಟ್ಟಳು?

ಇನ್ನೊಂದು ಮಾತು. ಸ್ಟೇಷನ್ನಿನಲ್ಲಿ ನಿನ್ನ ಕೈಯಲ್ಲಿ ಎಲೆ ಅಡಿಕೆ ಜೊತೆ ರೊಕ್ಕ ಇಟ್ಟವರಿದ್ದಾರೆ. ಬೇಳೆ ವ್ಯಾಪಾರದವರ ಮನೆಯ ವಿಮಲಾಬಾಯಿ ಐವತ್ತೊಂದು ಇಟ್ಟಳು. ನೆರೆಮನೆಯ ಆಶಾಬಿ ತನ್ನ ಕೈಲಾದದ್ದು ಇಟ್ಟಳು. ಅವರಿಗೆ ಅಲ್ಲಿಂದ ಏನಾದರೂ ಕಳಿಸು. ವಿಮಲಾಬಾಯಿಗೆ ವಾಸನೆ ಸಾಬೂನಿನ ಪೆಟ್ಟಿಗೆ, ಆಶಾಬಿಗೆ ಹೊಲಿಗೆ ಸೂಜಿ, ದಸ್ತಗೀರನಿಗೆ ತಗಡು ಕತ್ತರಿಸುವ ಕತ್ತರಿ. ಉಳಿದವರ ಹೆಸರು ಹಿಂದಿನ ಪುಟದಲ್ಲಿವೆ. ತಡ ಮಾಡಬೇಡ. ಡಿಸೆಂಬರಿನಲ್ಲಿ ನನಗೆ ದಿನ ತುಂಬುತ್ತವೆ. ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸಾಮಾನು ಇಲ್ಲಿರಬೇಕು.

ನಿನ್ನ ಅಕ್ಕ
ಗುರುದೇವಿ


ಲೀಡ್ಸ್
೧೮ ನವೆಂಬರ್ ೧೯೫೧

ಅಕ್ಕಾ,

ಹಿಂದಿನ ಪುಟದಲ್ಲಿ ಹನ್ನೊಂದು ಹೆಸರುಗಳಿವೆ. ನಾನು ಇಲ್ಲಿಗೆ ಬಂದದ್ದು ಇಂಜಿನಿಯರಿಂಗ್ ಓದಲಿಕ್ಕೋ ಚಿತ್ತಾಪುರದ ಬಜಾರು ನಡೆಸಲಿಕ್ಕೋ ತಿಳಿಯುತ್ತಿಲ್ಲ.

ಕುಳ್ಳು ಸಿಗುವುದಿಲ್ಲ. ಕುಡಿಯುವ ನೀರು ಪುಕ್ಕಟೆ. ಮಾಮಾನಿಗೆ ಹೇಳು.

ಕತ್ತರಿಗೆ ಶೆಫೀಲ್ಡಿನ ಮಾಲು ಬೇಕೆಂದರೆ ನನ್ನ ಒಂದು ವಾರದ ಮಧ್ಯಾಹ್ನದ ಊಟ ಹೋಗುತ್ತದೆ. ಆದರೂ ಕೊಂಡಿದ್ದೇನೆ. ಸಾಬೂನು, ಸೂಜಿ, ಬಾಚಣಿಗೆ, ಬ್ಲೇಡು, ಎರಡು ಪೆನ್ನು, ಎಲ್ಲ ಕಟ್ಟಿ ಹಡಗಿನ ಅಂಚೆಗೆ ಹಾಕಿದೆ. ಎಸ್ಟಿಮೇಟಿನಲ್ಲಿ 'ಊರಿನ ಸಾಮಾನು' ಎಂದು ಹೊಸ ಬಾಬತ್ತು ಬರೆಯಬೇಕಾಯಿತು. ಖಜಾಂಚಿ ಅದನ್ನು ನೋಡಿ ಇದೇನು ಎಂದ. ನನಗೆ ವಿವರಿಸಲು ಆಗಲಿಲ್ಲ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಯಾರು ಯಾರಿಗೆ ಯಾವಾಗ ಏನು ಕೊಡಬೇಕೆಂಬ ನಿಮ್ಮ ವ್ಯವಹಾರ ನನಗೆ ಎಂದೂ ತಿಳಿದಿಲ್ಲ.

ತುಪ್ಪ ಕೊಟ್ಟೆ. ಮಿಸೆಸ್ ಹಾರ್ಟ್ಲಿಗೆ ಬಹಳ ಸಂತೋಷವಾಯಿತು. ಮರಳಿ ಒಂದು ಜೊತೆ ಉಣ್ಣೆಯ ಕೈಗವಸು ಕೊಟ್ಟಳು. ಇನ್ನು ಆ ವಿಷಯ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಕಾಕಾ ಅರ್ಧ, ನೀನು ಅರ್ಧ, ಅಷ್ಟೇ. ರೊಕ್ಕ ಕಡಿಮೆ ಬಿದ್ದರೆ ನನ್ನ ಸಲುವಾಗಿ ಬೇರೆ ಯಾರ ಮುಂದೆಯೂ ಕೈ ಒಡ್ಡಬೇಡ. ಊರವರು ಕೊಟ್ಟ ದಾನದಲ್ಲಿ ಓದುವುದಕ್ಕಿಂತ ಮುಂದಿನ ಹಡಗು ಹತ್ತುವುದು ಮೇಲು.

ನಿನ್ನ ಆರೋಗ್ಯ ನೋಡಿಕೋ.

ನಾಗೇಂದ್ರ


ಚಿತ್ತಾಪುರ
೯ ಡಿಸೆಂಬರ್ ೧೯೫೧

ತಮ್ಮಾ,

ಕೈಗವಸಿನ ಸುದ್ದಿ ಓದಿ ಜೀವ ತಣ್ಣಗಾಯಿತು. ದೂರದ ದೇಶದಲ್ಲಿ ಒಬ್ಬಾಕೆ ನಿನಗೆ ಬೆಚ್ಚಗಿನದು ಕೊಟ್ಟಳಲ್ಲ. ಆದರೆ ಈಗ ಆಕೆಯದು ನಮ್ಮ ಮೇಲೆ ಬಂತು. ನಾಲ್ಕು ಸೇರು ತುಪ್ಪಕ್ಕೆ ಕೈಗವಸು ಸಮವಾಯಿತೋ ಹೆಚ್ಚಾಯಿತೋ ಎಂದು ಆಶಾಬಿಯನ್ನು ಕೇಳಿದೆ. "ಅಕ್ಕಾ, ಆ ಚಳಿ ದೇಶದಾಗ ಕೈಗವಸಂದ್ರ ಭಾಳಾಯ್ತು. ಕೌದಿ ಕಳಸು" ಎಂದಳು. ಇಬ್ಬರೂ ಕುಳಿತು ಹೊಲಿದೆವು. ಒಳಗೆ ಅವ್ವನ ಎರಡು ಇಳಕಲ್ಲು ಸೀರೆಗಳಿವೆ. ಮೂಲೆಯಲ್ಲಿ ಕೆಂಪು ದಾರದಿಂದ 'ಹಾರ್ಟ್ಲಿ ಬಾಯಿ' ಎಂದು ಹೆಸರು ಹಾಕಿದ್ದೇನೆ. ಪಾರ್ಸಲ್ ಹೋಗಿದೆ. ಆಕೆಯ ಕೈಗೇ ಕೊಡು.

ಡಿಸೆಂಬರಿನ ರೊಕ್ಕ ಬ್ಯಾಂಕಿಗೆ ಹೋಗಿದೆ. ಇನ್ನು ಮುಂದೆ ಕಾಕಾಗೆ ನೀನು ಕಾಗದ ಬರೆಯಬೇಡ, ಲೆಕ್ಕ ಅಂತೂ ಕಳಿಸಲೇಬೇಡ. ಅವನಿಗೆ ರಾಶಿಯ ಕೆಲಸ ಬಹಳ. ಎಲ್ಲ ನನ್ನ ಕೈಯಿಂದಲೇ ಬರುತ್ತದೆ.

ಗುರುದೇವಿ


ಲೀಡ್ಸ್
೨೭ ಜನವರಿ ೧೯೫೨

ಅಕ್ಕಾ,

ಹೆಣ್ಣು ಕೂಸು ಎಂದು ಮಾಮಾ ಬರೆದ ಕಾರ್ಡು ಬಂತು. ಬಹಳ ಸಂತೋಷ. ಕೂಸಿನ ಜೊತೆ ಇನ್ನೊಂದು ಪಾರ್ಸಲ್ಲೂ ಬಂತು, ಅದಕ್ಕೆ ಬಂದರಿನ ಸುಂಕ ಒಂಬತ್ತು ಶಿಲ್ಲಿಂಗ್. ತುರ್ತು ಖರ್ಚು ಎಂದು ಬರೆದದ್ದು ಇಂಥದ್ದಕ್ಕೇ ಎಂದು ಈಗ ತಿಳಿಯಿತು. ಅಕ್ಕಾ, ನನ್ನನ್ನು ಕೇಳದೆ ಏನನ್ನೂ ಕಳಿಸಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ಕೌದಿಯನ್ನು ತಲುಪಿಸಿದ್ದೇನೆ. ಮರಳಿ ಏನೂ ಕೊಡಲಿಲ್ಲ. ಇಲ್ಲಿ ಅಂಥ ಪದ್ಧತಿ ಇಲ್ಲ. ಆದ್ದರಿಂದ ನೀನೂ ಇನ್ನು ಏನೂ ಕಳಿಸಬೇಕಾಗಿಲ್ಲ.

ಹೊರಗೆ ಹಿಮ. ಆದರೂ ಈ ವಾರ ಗ್ಯಾಸಿನ ಬಾಬತ್ತಿನಲ್ಲಿ ಎರಡು ಶಿಲ್ಲಿಂಗ್ ಉಳಿಸಿದ್ದೇನೆ. ರಾತ್ರಿ ಒಲೆ ಹಚ್ಚದೆ ಮಲಗಿದರೂ ಈಗ ಚಳಿ ಅಷ್ಟೊಂದು ಹತ್ತುವುದಿಲ್ಲ, ಹೇಗೋ ರೂಢಿಯಾಗಿದೆ.

ಕಾಕಾ ಕಾಗದ ಬೇಡ ಎಂದದ್ದು ವಿಚಿತ್ರ. ನನ್ನ ಮೇಲೆ ಅಷ್ಟು ಭರವಸೆ ಬಂತೆಂದು ತಿಳಿಯುತ್ತೇನೆ.

ನಾಗೇಂದ್ರ


ಚಿತ್ತಾಪುರ
೧೦ ಫೆಬ್ರವರಿ ೧೯೫೨

ತಮ್ಮಾ,

ಕೂಸಿಗೆ ಅವ್ವನ ಹೆಸರು, ನೀಲಮ್ಮ. ನಿನ್ನ ಮಾಮಾ ಇಲೆಕ್ಷನ್ ಕೆಲಸಕ್ಕೆಂದು ಚಿಂಚೋಳಿ ಕಡೆಗೆ ಹೋದವರು ತೊಟ್ಟಿಲಿನ ದಿನ ಸಂಜೆ ಬಂದರು. ಅಷ್ಟರಲ್ಲಿ ಹೆಣ್ಣುಮಕ್ಕಳು ಎಲ್ಲಾ ಮುಗಿಸಿದ್ದರು.

ನಿನ್ನ ಸಾಮಾನು ಮೊದಲೇ ಮುಟ್ಟಿತ್ತು. ಮನೆಮನೆಗೆ ನಾನೇ ಒಯ್ದು ಕೊಟ್ಟಿದ್ದೆ. ವಿಮಲಾಬಾಯಿ ಸಾಬೂನನ್ನು ಮೈಗೆ ಹಚ್ಚಿಕೊಂಡಿಲ್ಲ, ಸೀರೆಗಳ ನಡುವೆ ಇಟ್ಟಿದ್ದಾಳೆ. ಬಂದವರಿಗೆಲ್ಲ ಪೆಟ್ಟಿಗೆ ತೆರೆದು ವಾಸನೆ ತೋರಿಸುತ್ತಾಳೆ. ದಸ್ತಗೀರ ಕತ್ತರಿಯನ್ನು ಅಂಗಡಿಯಲ್ಲಿ ಮೊಳೆಗೆ ತೂಗು ಹಾಕಿ, ಯಾರಾದರೂ ಮುಟ್ಟಿದರೆ, "ಕೈ ತೆಗಿರಿ, ವಿಲಾಯತಿ ಅದ" ಅನ್ನುತ್ತಾನೆ.

ಈಗ ಇನ್ನೊಂದು ಸಲ ಕಳಿಸು. ಯುಗಾದಿ ಆದ ಮೇಲೆ ನೀಲಮ್ಮನ ಕಿವಿ ಚುಚ್ಚಿಸುತ್ತೇನೆ, ಅಷ್ಟರೊಳಗೆ ಬೇಕು. ವಿಮಲಾಬಾಯಿಗೆ ಮುಖಕ್ಕೆ ಹಚ್ಚುವ ಪೌಡರ್. ಆಕೆಯ ಅತ್ತಿಗೆ ಶಹಾಬಾದದಿಂದ ಬರುತ್ತಾಳೆ, ಆಕೆಗೂ ಒಂದು. ಕಲ್ಲಿನ ಖಣಿಯವರು, ಸಣ್ಣದು ಕೊಡಬೇಡ. ಕೂಡಲೇ ಅಂಚೆಗೆ ಹಾಕು. ಇದೊಂದನ್ನು ಮರೆಯಬೇಡ, ತಮ್ಮಾ.

ಹಾರ್ಟ್ಲಿ ಬಾಯಿ ಕೌದಿಗೆ ಏನೂ ಕೊಡಲಿಲ್ಲವೆ? ಆಕೆಗೆ ಮೈಯಲ್ಲಿ ಆರಾಮ ಇಲ್ಲವೇನು, ಕೇಳಿ ನೋಡು.

ಗುರುದೇವಿ


ಲೀಡ್ಸ್
೨೪ ಫೆಬ್ರವರಿ ೧೯೫೨

ಅಕ್ಕಾ,

ಇಲ್ಲಿ ರಾಜ ತೀರಿಕೊಂಡು ಊರೆಲ್ಲ ಕಪ್ಪು ಬಟ್ಟೆ. ಅಂಗಡಿ ಮುಚ್ಚಿದ್ದ ದಿನ ಕೋಣೆಯಲ್ಲಿ ಕುಳಿತು ಎಸ್ಟಿಮೇಟನ್ನು ಮೊದಲಿನಿಂದ ಕೊನೆಯವರೆಗೆ ತಿದ್ದಿದೆ. ಎರಡನೇ ಟರ್ಮಿಗೆ ಡ್ರಾಯಿಂಗ್ ಸಾಮಾನು ಬೇಕು, ಅದನ್ನು ಬಿಡಲು ಆಗುವುದಿಲ್ಲ. ಮನರಂಜನೆ ಹೊಡೆದು ಹಾಕಿದೆ. ಕ್ಷೌರ ಎರಡು ತಿಂಗಳಿಗೊಮ್ಮೆ. ಮಧ್ಯಾಹ್ನ ಬನ್ನು ಮತ್ತು ಚಹಾ. ಆದರೂ ಕೂಡಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು: ಇಡೀ ಎಸ್ಟಿಮೇಟಿನಲ್ಲಿ ನನ್ನ ಹೊಟ್ಟೆಗೂ ಓದಿಗೂ ಸಂಬಂಧವಿಲ್ಲದ ಬಾಬತ್ತು ಒಂದೇ ಒಂದು. 'ಊರಿನ ಸಾಮಾನು'. ಅದನ್ನು ಹೊಡೆದು ಹಾಕಿದೆ. ಎಲ್ಲವೂ ಸರಿಯಾಗಿ ಕೂಡಿತು.

ಪೌಡರ್ ಕಳಿಸುವುದಿಲ್ಲ. ವಿಮಲಾಬಾಯಿಗೂ ಇಲ್ಲ, ಶಹಾಬಾದದ ಅತ್ತಿಗೆಗೂ ಇಲ್ಲ. ನನ್ನ ಅನ್ನ ಕಡಿದು ಒಬ್ಬರ ಮುಖ ಬಿಳಿ ಮಾಡುವ ಅರ್ಥ ನನಗೆ ತಿಳಿಯದು. ನಿನಗೆ ಊರಲ್ಲಿ ತಮ್ಮನ ಹೆಸರು ದೊಡ್ಡದಾಗಿ ಕಾಣಬೇಕೆಂಬ ಆಸೆ, ತಿಳಿಯುತ್ತದೆ. ಆದರೆ ಆ ಹೆಸರು ಜೂನಿನಲ್ಲಿ ಪಾಸಾದರೆ ತಾನೇ ಬರುತ್ತದೆ. ಕಠಿಣವಾಗಿ ಬರೆದೆನೆಂದರೆ ಕ್ಷಮಿಸು. ಲೆಕ್ಕ ಯಾರ ಮುಖವನ್ನೂ ನೋಡುವುದಿಲ್ಲ.

ನಾಗೇಂದ್ರ


ಚಿತ್ತಾಪುರ
೧೨ ಮಾರ್ಚ್ ೧೯೫೨

ನಾಗೇಂದ್ರ,

ಓದಿದೆ. ಮಾರ್ಚಿನ ರೊಕ್ಕ ಹೋಗಿದೆ.

ಕೂಸು ಆರಾಮ ಇದೆ.

ಗುರುದೇವಿ


ಲೀಡ್ಸ್
೨೦ ಏಪ್ರಿಲ್ ೧೯೫೨

ಅಕ್ಕಾ,

ಏಪ್ರಿಲಿನ ರೊಕ್ಕ ಇನ್ನೂ ಬಂದಿಲ್ಲ. ನಿನ್ನ ಕಾಗದವೂ ಇಲ್ಲ. ಬ್ಯಾಂಕಿಗೆ ದಿನವೂ ಹೋಗುತ್ತಿದ್ದೇನೆ. ಕಿಟಕಿಯ ಹಿಂದಿನವನು ನನ್ನನ್ನು ಕಂಡೊಡನೆ ತಲೆ ಅಲ್ಲಾಡಿಸುತ್ತಾನೆ, ಬಾಯಿ ತೆರೆಯುವ ಕಷ್ಟವನ್ನೂ ಈಗ ತೆಗೆದುಕೊಳ್ಳುವುದಿಲ್ಲ.

ಮಿಸೆಸ್ ಹಾರ್ಟ್ಲಿಗೆ ಎರಡು ವಾರದ ಬಾಕಿ. ಶುಕ್ರವಾರ ಮೆಟ್ಟಿಲ ಕೆಳಗೆ ನಿಂತಿದ್ದಳು. ಬಾಡಿಗೆ ಕೇಳಲಿಲ್ಲ. "ಮೇ ತಿಂಗಳಿಗೆ ಇನ್ನೊಬ್ಬ ಹುಡುಗ ಕೋಣೆ ಕೇಳುತ್ತಿದ್ದಾನೆ" ಎಂದಷ್ಟೇ ಹೇಳಿದಳು. ಕೋಣೆ ಹೋದರೆ ಪರೀಕ್ಷೆ ಹೋಯಿತು. ಪರೀಕ್ಷೆ ಹೋದರೆ ನಾನು ಊರಿಗೆ ಬಂದು ಕಾಕಾನ ಹೊಲ ಕಾಯುವುದೊಂದೇ ಉಳಿದದ್ದು.

ಎಸ್ಟಿಮೇಟಿನಲ್ಲಿ ಎಲ್ಲಿಯೂ ತಪ್ಪಿಲ್ಲ ಅಕ್ಕಾ. ನೂರು ಸಲ ಕೂಡಿ ನೋಡಿದ್ದೇನೆ. ಬರುವ ರೊಕ್ಕವೇ ಬರದಿದ್ದರೆ ಕೂಡಿದ್ದು ಯಾತಕ್ಕೆ? ನನ್ನ ಮೇಲೆ ಸಿಟ್ಟಾಗಿ ತಡ ಮಾಡಿದ್ದರೆ, ದಯವಿಟ್ಟು ಸಿಟ್ಟನ್ನು ಬೇರೆ ರೀತಿ ತೀರಿಸಿಕೋ. ಕಾಕಾಗೆ ನಾನೇ ಬರೆಯಲೆ?

ನಾಗೇಂದ್ರ


ಚಿತ್ತಾಪುರ
೨೯ ಏಪ್ರಿಲ್ ೧೯೫೨

ನಾಗ್ಯಾ,

ಒಂಬತ್ತು ಪೌಂಡಿನ ರೊಕ್ಕ ನಿನ್ನೆ ಕಲಬುರ್ಗಿ ಬ್ಯಾಂಕಿನ್ಯಾಗ ಕಟ್ಟಿಸೀನಿ. ಅಷ್ಟೇ ಅದ. ಮೇ ತಿಂಗಳದ್ದೂ ಅಷ್ಟೇ. ಪುಸ್ತಕದ ಕನ್ನಡ ಇವತ್ತು ನನ್ನ ಕಡಿಂದ ಆಗೂದಿಲ್ಲ.

ಕಾಕಾಗ ಬರೀಬ್ಯಾಡ. ಕಾಕಾ ನವೆಂಬರದಿಂದ ಒಂದು ದುಡ್ಡು ಕೊಟ್ಟಿಲ್ಲ. ನಿನ್ನ ಎಸ್ಟಿಮೇಟ್ ಓದಿ ಚಹಾ ಕುಡಿದು ಹೋದ ಅಂತ ಬರದಿದ್ದೆ. ಚಹಾ ಕುಡಿದಿದ್ದು ಖರೇ. ಸುಮ್ಮನ ಹೋಗಲಿಲ್ಲ. ಕಟ್ಟಿ ಮ್ಯಾಲ ಕುಂತು ನಾಲ್ಕು ಮಂದಿಗಿ ಕೇಳೂವಂಗ ಓದಿದ. "ಕೂದಲಾ ಕತ್ತರಿಸಾಕ ಶಿಲ್ಲಿಂಗ್. ನೀರಾಗ ಕುಂದ್ರಾಕ ಆರು ಪೆನ್ಸ್. ಇರ್ಲಿ. ಈ ತುರ್ತು ಖರ್ಚು ಅಂದ್ರ ಏನವ್ವಾ?" ಅಂದ.

"ಇನ್ನಾ ಆಗಿಲ್ಲ ಕಾಕಾ, ಆದ್ರ ಇರ್ಲಿ ಅಂತ" ಅಂದೆ.

"ಆಗದ ಖರ್ಚಿಗೂ ನಾ ರೊಕ್ಕ ಕೊಡಬೇಕಾ? ಆದಮ್ಯಾಲ ಹೇಳು ಅನ್ನು ಅವಗ" ಅಂದು ಎದ್ದು ಹೋದ. ಅವತ್ತಿನಿಂದ ಈ ಕಡಿ ಮುಖ ಮಾಡಿಲ್ಲ. ನೀನೇ ತೋರಿಸು ಅಂದಿದ್ದಿ, ನಾನೇ ತೋರಿಸೀನಿ. ಇಬ್ಬರದೂ ಶಾಣ್ಯಾತನ ಒಂದೇ ದಿನ ಮುಗೀತು.

ನಿನ್ನ ಮಾಮಾನ ಪಗಾರ ಕೇಳಾಕ ನನಗ ಬಾಯಿ ಇಲ್ಲ. ಅದು ಅವರ ಮನೀದು, ನೀ ನನ್ನ ತವರಿನಾಂವ. ನೀ ಬ್ಯಾರೆ ಯಾರ ಮುಂದೂ ಕೈ ಒಡ್ಡಬ್ಯಾಡ, ಹಡಗು ಹತ್ತತೀನಿ ಅಂದಿ. ಒಡ್ಡಲಿಲ್ಲ. ಮುಯ್ಯಿ ಮಾಡಿದೆ.

ಹಾಸ್ಟೆಲಿನ್ಯಾಗ ನಿನಗ ಇದನ್ನ ಯಾರೂ ಕಲಿಸಿಲ್ಲ, ಅದಕ್ಕ ಬಿಡಿಸಿ ಹೇಳತೀನಿ. ಒಬ್ಬರು ಕೊಟ್ಟಿದ್ದಕ್ಕ ನಾವು ತಿರುಗಿ ಕೊಡುವಾಗ ಒಂದು ಕೈ ಹೆಚ್ಚು ಕೊಡಬೇಕು. ನಾವು ಹೆಚ್ಚು ಕೊಟ್ಟಿದ್ದಕ್ಕ ಅವರು ನಮ್ಮ ಕಾರ್ಯಕ್ಕ ಬಂದಾಗ ಇನ್ನೊಂದು ಕೈ ಹೆಚ್ಚು ಇಡಬೇಕು. ವಿಮಲಾಬಾಯಿ ಸ್ಟೇಷನ್ನಿನ್ಯಾಗ ಐವತ್ತೊಂದು ಇಟ್ಟಳು. ನೀ ವಿಲಾಯತಿ ಸಾಬೂನು ಕಳಿಸಿದಿ. ಆ ಪೆಟ್ಟಿಗಿ ಇಲ್ಲಿ ಯಾರ ಮನ್ಯಾಗೂ ಇಲ್ಲ, ಅದಕ್ಕ ಬೆಲೆ ಕಟ್ಟಾಕ ಆಕಿಗಿ ಬರೂದಿಲ್ಲ. ನೀಲವ್ವನ ತೊಟ್ಟಿಲಕ್ಕ ಬಂದಾಗ ನೂರಾ ಒಂದು ಇಟ್ಟಳು. ದಸ್ತಗೀರ ಹನ್ನೊಂದು ಕಳಿಸಿದ. ನೀ ಬಾಚಣಿಗಿ, ಬ್ಲೇಡು ಅಂತ ಬೈಕೋತ ಕಳಿಸಿದಿಯಲ್ಲ, ಅವರೆಲ್ಲಾ ತಮ್ಮ ತಮ್ಮ ಅಂತಸ್ತು ನೋಡಿ ಇಟ್ಟರು. ತೊಟ್ಟಿಲದಾಗ ಹಾಕಿದ ರೊಕ್ಕ ತಾಯಿದು, ಅದನ್ನ ಯಾರೂ ಕೇಳೂದಿಲ್ಲ. ಮೊದಲ ಎರಡು ತಿಂಗಳು ನನ್ನ ಕಡಿ ಇದ್ದಿದ್ದು ಹಾಕಿದೆ. ಆಮ್ಯಾಲ ಜನವರಿಯಿಂದ ಮಾರ್ಚ್ ತನಕಾ ಕಾಕಾನ ಅರ್ಧ ಅಂತ ನಿನಗ ಬಂದದ್ದು ಅದೇ ರೊಕ್ಕ.

ಕಿವಿ ಚುಚ್ಚಿಸೂ ಕಾರ್ಯದಾಗ ಜೂನ್ ತನಕಾ ಕೂಡತಿತ್ತು. ನೀ ಪೌಡರ್ ಕಳಿಸಲಿಲ್ಲ. ಕರದಿದ್ದೆ, ಎಲ್ಲಾರೂ ಬಂದರು. ವಿಮಲಾಬಾಯಿ, "ಈ ಸಲ ತಮ್ಮ ಏನೂ ಕಳಿಸಲಿಲ್ಲೇನು, ಓದು ಭಾಳ ಇರಬೇಕು" ಅಂದು ಐದು ರೂಪಾಯಿ ಇಟ್ಟು, ಹೋಳಿಗಿ ಉಂಡು ಹೋದಳು. ಶಹಾಬಾದದಾಕಿ ಎರಡು ಸಲ ಹಾಕಿಸಿಕೊಂಡಳು. ಹೂರಣದ ಖರ್ಚೇ ಬರಲಿಲ್ಲ.

ನಿನ್ನ ಲೆಕ್ಕದಾಗ ಅದೊಂದು ಬಾಬತ್ತು ಹೊಟ್ಟಿಗಿ ಸಂಬಂಧ ಇಲ್ಲ ಅಂತ ಬರದಿದ್ದಿ. ನಿನ್ನ ಹೊಟ್ಟಿ ತುಂಬಸಾಕತ್ತಿದ್ದು ಅದೇ ಇತ್ತು.

ಮೊದಲೇ ಹೇಳಬೇಕಿತ್ತು. ಹೇಳಿದರ ನೀ ಬ್ಯಾಡ ಅಂತಿದ್ದಿ. ಈಗ ಬೈಯಾಂವ ಇದ್ದರ ಬೈ, ಆದರ ಪರೀಕ್ಷಿ ಬಿಟ್ಟು ಬರಬ್ಯಾಡ.

ಗುರುದೇವಿ


ಲೀಡ್ಸ್
೧೧ ಮೇ ೧೯೫೨

ಅಕ್ಕಾ, ಶರಣು.

ನಿನ್ನ ಕಾಗದ ಓದಿ ಮೊದಲು ನನಗೆ ಸಿಟ್ಟೇ ಬಂತು. ಕಾಕಾ ಕೈಬಿಟ್ಟದ್ದನ್ನು ನವೆಂಬರಿನಲ್ಲೇ ಹೇಳಿದ್ದರೆ ಡ್ರಾಯಿಂಗ್ ಸಾಮಾನನ್ನು ಬಾಡಿಗೆಗೆ ತರುತ್ತಿದ್ದೆ, ಹತ್ತು ದಾರಿ ಹುಡುಕುತ್ತಿದ್ದೆ. ಕೋಣೆಯಲ್ಲಿ ಅತ್ತಿಂದಿತ್ತ ನಡೆದೆ. ಕಾಲು ಹಾಸಿಗೆಯ ಕೆಳಗಿನ ಡಬ್ಬಿಗೆ ತಾಗಿತು. ಆಗ ನೆನಪಾಯಿತು, ಬೈಯುವ ಹಕ್ಕು ನನಗೆ ಅಷ್ಟೇನೂ ಇಲ್ಲ.

ಅದು ನಿನ್ನ ತುಪ್ಪದ ಡಬ್ಬಿ. ನಾನು ಕೊಡಲೇ ಇಲ್ಲ. ಮೊದಲ ದಿನ ಆಕೆಯ ಚೊಕ್ಕಟ ಅಡುಗೆಮನೆ ಕಂಡು, ಈ ತಗಡಿನ ಡಬ್ಬಿ ಹಿಡಿದು ನಿಂತರೆ ಹಳ್ಳಿಯವನು ಅಂದಾಳೆಂದು ನಾಚಿಕೆಯಾಯಿತು. ಕೈಗವಸು ಇಲ್ಲ. ಅದಕ್ಕಾಗಿ ನೀನು ಕೌದಿ ಕಳಿಸಿದೆ. ಕೊಟ್ಟರೆ ತುಪ್ಪದ ಮಾತು ಹೊರಬೀಳುತ್ತದೆ. ಅದೂ ಕೊಡಲಿಲ್ಲ. ಜನವರಿಯಿಂದ ಹಾರ್ಟ್ಲಿ ಬಾಯಿಯ ಕೌದಿಯನ್ನು ನಾನೇ ಹೊದ್ದು ಮಲಗಿದ್ದೇನೆ. ಗ್ಯಾಸಿನಲ್ಲಿ ಉಳಿಸಿದ್ದೆನಲ್ಲ, ಅದು ಹಾಗೆ. ಹಾಸಿಗೆ ತೆಗೆಯುವಾಗ ಆಕೆ ಮೂಲೆಯ ಕೆಂಪು ಅಕ್ಷರ ತೋರಿಸಿ ಇದೇನು ಎಂದು ಒಂದು ಸಲ ಕೇಳಿದ್ದಳು. ನನ್ನ ಹೆಸರು ಎಂದಿದ್ದೆ.

ಒಂಬತ್ತು ಪೌಂಡ್ ಬಂತು. ಏಪ್ರಿಲಿನ ಮೂರು ವಾರದ ಬಾಕಿಗೆ ಏಳೂವರೆ ಎಣಿಸಿಟ್ಟು, ಇನ್ನೊಂದು ಕೈಯಲ್ಲಿ ಡಬ್ಬಿ, ಹೆಗಲಿಗೆ ಕೌದಿ ಹಾಕಿಕೊಂಡು ಕೆಳಗೆ ಹೋದೆ. ಹೇಳಿಬಿಟ್ಟೆ, ಎಲ್ಲವನ್ನೂ. ಆಕೆ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು. "ತುಪ್ಪ? ಅಂದರೆ ಬೆಣ್ಣೆ?" ಎಂದಳು. ಹೌದೆಂದೆ. ಕುರ್ಚಿ ಎಳೆದು ಕುಳಿತುಬಿಟ್ಟಳು.

"ನಾನು ಅದು ನಿನ್ನ ತಂದೆ ಎಂದುಕೊಂಡಿದ್ದೆ."

ನನಗೆ ತಿಳಿಯಲಿಲ್ಲ.

"ತಂದೆ ತೀರಿಕೊಂಡ ಎಂದು ಬಂದ ದಿನ ಹೇಳಿದೆ. ನಿಮ್ಮಲ್ಲಿ ಸುಟ್ಟು ಬೂದಿ ಇಟ್ಟುಕೊಳ್ಳುತ್ತಾರಂತೆ. ಡಬ್ಬಿಗೆ ಬೆಸುಗೆ ಬೇರೆ ಹಾಕಿದೆ. ಏಳು ತಿಂಗಳು ಅದನ್ನು ಮುಟ್ಟದೆ ಸುತ್ತ ಗುಡಿಸಿದ್ದೇನೆ. ಒಂದೆರಡು ಸಲ ಗುಡ್ ಮಾರ್ನಿಂಗ್ ಕೂಡ ಹೇಳಿದ್ದೇನೆ."

ಬೆಸುಗೆ ಬಿಡಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು, ದಸ್ತಗೀರನ ಕೆಲಸ ಹಾಗಿದೆ. ತುಪ್ಪ ಕೆಟ್ಟಿರಲಿಲ್ಲ. ಘಮ ಎದ್ದೊಡನೆ ನನಗೆ ನಮ್ಮ ಅಡುಗೆಮನೆಗೆ ಬಂದಂತಾಗಿ, ಬೇರೆ ಕಡೆ ನೋಡಬೇಕಾಯಿತು. ಆಕೆ ಒಂದು ಚಮಚ ಬಾಣಲೆಗೆ ಹಾಕಿ ಬ್ರೆಡ್ಡಿನ ತುಂಡು ಹುರಿದಳು. ತಿಂದಳು. ಇನ್ನೊಂದು ಹುರಿದಳು.

ರೊಕ್ಕ ಎಣಿಸಿ ತೆಗೆದುಕೊಂಡಳು, ಒಂದು ಶಿಲ್ಲಿಂಗ್ ಬಿಡಲಿಲ್ಲ. ಆಮೇಲೆ ಹೇಳಿದಳು, ಕೋಣೆಗೆ ಹೊಸ ಹುಡುಗ ಬರುತ್ತಾನೆ, ಮಾತು ಕೊಟ್ಟಾಗಿದೆ. ಅಟ್ಟದಲ್ಲಿ ಆಕೆಯ ಗಂಡ ಬಣ್ಣದ ಡಬ್ಬಿ ಇಡುತ್ತಿದ್ದ ಗೂಡು ಇದೆ, ಅದನ್ನು ನಾನೇ ಖಾಲಿ ಮಾಡಿಕೊಂಡರೆ ಊಟ ಸೇರಿ ಇಪ್ಪತ್ತೈದು ಶಿಲ್ಲಿಂಗ್, ಜೂನಿನ ಕೊನೆಯವರೆಗೆ. ಈ ತಿಂಗಳದ್ದು ಮುಂದಿನ ರೊಕ್ಕ ಬಂದಾಗ ಕೊಟ್ಟರಾಯಿತು. ಅಕ್ಕಾ, ಇಪ್ಪತ್ತೈದು ಎಂದರೆ ಅರ್ಧ. ಮೇ ತಿಂಗಳ ಒಂಬತ್ತು ಪೌಂಡ್ ಬಂದರೆ ಪರೀಕ್ಷೆ ಮುಟ್ಟುತ್ತೇನೆ. ಕೂಡಿ ನೋಡಿದ್ದೇನೆ.

ಕೌದಿಯ ಮೂಲೆಯಲ್ಲಿ ಬರೆದದ್ದು ಆಕೆಯ ಹೆಸರೆಂದು ಹೇಳಿದೆ. ಬೆರಳಿನಿಂದ ಮುಟ್ಟಿ ನೋಡಿದಳು. "ಅಟ್ಟದಲ್ಲಿ ಗ್ಯಾಸಿಲ್ಲ. ಪರೀಕ್ಷೆ ಮುಗಿದ ದಿನ ತಂದು ಕೊಡು" ಎಂದು ತಿರುಗಿ ನನ್ನ ಹೆಗಲಿಗೇ ಹಾಕಿದಳು. ಗೂಡಿನಲ್ಲಿ ಮಂಚ ಹಿಡಿಸುವುದಿಲ್ಲ, ನೆಲದ ಮೇಲೆ ಮಲಗುತ್ತೇನೆ.

ಈಗ ಒಂದು ಹೊಸ ತೊಂದರೆ. ನಾಲ್ಕು ಸೇರು ತುಪ್ಪಕ್ಕೆ ಏಳು ವಾರದ ಅರ್ಧ ಬಾಡಿಗೆ. ಇದು ಒಂದು ಕೈ ಅಲ್ಲ, ಹತ್ತು ಕೈ ಹೆಚ್ಚಾಯಿತು. ಇದಕ್ಕೆ ನಾನೇನು ತಿರುಗಿಸಲಿ? ನನ್ನ ಎಸ್ಟಿಮೇಟಿನಲ್ಲಿ ಇದಕ್ಕೆ ಬಾಬತ್ತಿಲ್ಲ.

ವಿಮಲಾಬಾಯಿಗೆ ಪೌಡರ್ ನಿನ್ನೆ ಅಂಚೆಗೆ ಹಾಕಿದೆ. ತಡವಾಯಿತೆಂದು ಹೇಳು.

ನಿನ್ನ ತಮ್ಮ
ನಾಗೇಂದ್ರ


ಚಿತ್ತಾಪುರ
೨೫ ಮೇ ೧೯೫೨

ನಾಗ್ಯಾ,

ಮೇ ತಿಂಗಳ ಒಂಬತ್ತು ಪೌಂಡಿನ ರೊಕ್ಕ ಹೋಗಿದೆ. ಕೂತು ಓದು.

ನಮ್ಮಲ್ಲಿ ಹುಗಿಯುತ್ತಾರೆ, ಸುಡುವುದಿಲ್ಲ ಎಂದು ಆಕೆಗೆ ಹೇಳಬೇಕಿತ್ತು. ಪಾಪ, ತುಪ್ಪಕ್ಕೆ ನಮಸ್ಕಾರ ಹೇಳಿಕೊಂಡು ಇದ್ದಳಲ್ಲ. ಆಶಾಬಿಗೆ ಓದಿ ಹೇಳಿದೆ, ಹೊಲಿಯುವ ಸೂಜಿ ಕೆಳಗಿಟ್ಟು ಸೆರಗು ಬಾಯಿಗೆ ಹಿಡಿದಳು. ಇನ್ನೂ ನಗುತ್ತಿದ್ದಾಳೆ. ನನಗೆ ಅಷ್ಟು ನಗು ಬರಲಿಲ್ಲ. ಏಳು ತಿಂಗಳು ಒಬ್ಬಾಕೆಯ ಮನೆಯಲ್ಲಿ ಉಂಡು, ಆಕೆಯದನ್ನು ಆಕೆಗೇ ಬಚ್ಚಿಟ್ಟೆ. ಇಲ್ಲದ ಕೈಗವಸು ಬೆಚ್ಚಗಿದೆ ಎಂದು ನಾನು ಇಲ್ಲಿ ಚಳಿಗಾಲವೆಲ್ಲ ಸಮಾಧಾನ ಪಟ್ಟೆ.

ನಿನ್ನ ಕಾಗದದ ಸುದ್ದಿ ಹೇಗೋ ಗುಂಡಗುರ್ತಿಗೆ ಮುಟ್ಟಿ, ಗುರುವಾರ ಕಾಕಾ ಬಂದ. ನವೆಂಬರಿನ ನಂತರ ಮೊದಲ ಸಲ. ಒಳಗೆ ಬರಲಿಲ್ಲ, ಕಟ್ಟೆಯ ಮೇಲೆ ಕುಳಿತು, "ಓದು" ಎಂದ. ಓದಿದೆ. ಡಬ್ಬಿಯ ಮಾತು ಬಂದಾಗ ಮೀಸೆ ಅಲುಗಿತು, ನಗಲಿಲ್ಲ. ಓದಿ ಮುಗಿಸಿದ ಮೇಲೆ ಕೇಳಿದ.

"ಅರ್ಧ ಬಿಟ್ಟಳಾ ಬಾಡಿಗಿ?"

"ಅರ್ಧ ಬಿಟ್ಟಾಳ ಕಾಕಾ."

"ನಮ್ಮ ಹುಡುಗನ ಕಡಿಂದ ಏನೂ ಹೋಗಿಲ್ಲ ಆಕಿಗಿ?"

"ತುಪ್ಪ ಹೋಗ್ಯಾದ."

"ಅದು ಬಂದ ದಿನದ್ದವ್ವಾ. ಅದು ಲೆಕ್ಕಕ್ಕಿಲ್ಲ."

ಈ ಹೊತ್ತಿನಲ್ಲಿ ನಾನು ರೊಕ್ಕದ ಮಾತು ತೆಗೆದೆ. ತೆಗೆಯಬಾರದಿತ್ತು. ಎದ್ದು ಚಪ್ಪಲಿ ಮೆಟ್ಟಿ ಹೋಗಿಬಿಟ್ಟ. ನಿನ್ನ ಮಾಮಾ, "ಮತ್ತ ಆರು ತಿಂಗಳಿಗಿ ಹೋತು ನೋಡು" ಎಂದರು.

ನಿನ್ನೆ ಗುಂಡಗುರ್ತಿಯಿಂದ ಬಂಡಿ ಬಂತು. ರೊಕ್ಕ ಇಲ್ಲ. ಎರಡು ಕೊಡ ತುಪ್ಪ ಇತ್ತು. ಬಂಡಿಯವನನ್ನು ಏನು ಹೇಳಿ ಕಳಿಸಿದ್ದಾನೆ ಎಂದು ಕೇಳಿದೆ. "ಒಂದು ಆ ಬಾಯಿಗಿ ಅಂತರಿ. ಇನ್ನೊಂದು ತುರ್ತು ಖರ್ಚಿಗಿ ಅಂತ" ಎಂದ.

ದಸ್ತಗೀರ ಎರಡಕ್ಕೂ ಡಬ್ಬಿ ಮಾಡಿ, ನಿನ್ನ ವಿಲಾಯತಿ ಕತ್ತರಿಯನ್ನು ಮೊಳೆಯಿಂದ ಇಳಿಸಿ ಅದರಿಂದಲೇ ತಗಡು ಕತ್ತರಿಸಿ, ಬೆಸುಗೆ ಹಾಕಿ ಕೊಟ್ಟಿದ್ದಾನೆ. ಪಾರ್ಸಲ್ ಇವತ್ತು ಹೋಗುತ್ತದೆ. ನಿನ್ನ ಪರೀಕ್ಷೆ ಮುಗಿದ ಮೇಲೆ ಮುಟ್ಟುತ್ತದೆ, ಸುಂಕ ನೀನು ಕಟ್ಟು. ಹಾಸಿಗೆಯ ಕೆಳಗೆ ಜಾಗ ಇಲ್ಲದ ಕೋಣೆಗೆ ಹೋಗಿದ್ದೀಯಲ್ಲ, ಒಳ್ಳೆಯದಾಯಿತು.

ನಿನ್ನ ಅಕ್ಕ
ಗುರುದೇವಿ